ಡಬ್ಬಿ ಗೋಡೆ ಮೇಲೆ, ನಮ್ಮವರು ಗುಂಡಿ ಒಳಗೆ



ನಾನು ಗುಮಾಸ್ತಿಕೆ ಮಾಡೋ ಕಚೇರಿಯ ಗೋಡೆ ಮೇಲೆ ಪ್ರಥಮ ಚಿಕಿತ್ಸೆಯ ಡಬ್ಬಿ ಐತೆ. ಅಲ್ಲಿ ಆಗೋ ದೊಡ್ಡ ಗಾಯ ಅಂದ್ರೆ ಪಿನ್ನು ಚುಚ್ಚೋದು. ಗೂಳೂರಿಂದ ತುಮಕೂರಿಗೆ ಬರೋವಾಗ ಮ್ಯಾನ್‌ಹೋಲ್ ಮುಚ್ಚಳ ತೆಗೆದು ನಿಂತಿರೋ ನಮ್ಮವರನ್ನ ಕಂಡಿದ್ದೀನಿ. ಅವರ ಪಕ್ಕ ಡಬ್ಬಿಯೂ ಇಲ್ಲ, ಹಗ್ಗವೂ ಇಲ್ಲ. ಯಾಕಿಲ್ಲ ಅನ್ನೋದಕ್ಕೆ ಒಂದು ಇತಿಹಾಸ ಇದೆ.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಕೆಲಸಗಾರನ ಜೀವಕ್ಕೆ ಕಾನೂನಿನ ಕಾವಲು ಬೇಕು ಅನ್ನೋದನ್ನ ಸರ್ಕಾರದ ಒಳಗೇ ಕೂತು ವಾದಿಸಿದರು. 1948ರಲ್ಲಿ ಕಾರ್ಖಾನೆ ಕಾಯ್ದೆ ಬಂತು. 150 ಕೆಲಸಗಾರರಿಗೆ ಒಂದು ಪ್ರಥಮ ಚಿಕಿತ್ಸೆ ಡಬ್ಬಿ ಅಂತ 45ನೇ ಸೆಕ್ಷನ್ ಹೇಳಿತು. 36ನೇ ಸೆಕ್ಷನ್ ಇನ್ನೂ ಮುಂದೆ ಹೋಯ್ತು. ವಿಷಗಾಳಿ ಇರೋ ಗುಂಡಿಗೆ, ಟ್ಯಾಂಕಿಗೆ ಇಳಿಯೋನ ಸೊಂಟಕ್ಕೆ ಬೆಲ್ಟು, ಅದಕ್ಕೆ ಹಗ್ಗ, ಹಗ್ಗದ ತುದಿ ಹಿಡಿಯೋಕೆ ಹೊರಗೊಬ್ಬ ಇರಬೇಕು. ನಿಂತ ಉಸಿರನ್ನ ಮರಳಿಸೋ ವಿಧಾನ ಕಲಿತವರೂ ಇರಬೇಕು.

ಅಂದ್ರೆ ಎಲ್ಲಾ ಆಗಲೇ ಗೊತ್ತಿತ್ತು. ಆದರೆ ಬೀದಿಯ ಮ್ಯಾನ್‌ಹೋಲ್ ಕಾರ್ಖಾನೆ ಅಲ್ಲವಲ್ಲ!

1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ತಲೆ ಮೇಲಿನ ಬುಟ್ಟಿ ಇಳೀತು. ಒಳಚರಂಡಿ ಬಂದ ಮೇಲೆ ಅದೇ ಜನರನ್ನ ಅದರೊಳಗೆ ಇಳಿಸಿದರು. 1993ರ ಕಾಯ್ದೆ ಒಣ ಶೌಚಾಲಯದ ಬಗ್ಗೆ ಮಾತಾಡಿತೇ ಹೊರತು ಮ್ಯಾನ್‌ಹೋಲನ್ನ ಮುಟ್ಟಲಿಲ್ಲ. ರಕ್ಷಣಾ ಸಲಕರಣೆ ಇಲ್ಲದೆ ಇಳಿಸೋದು ಅಪರಾಧ ಅಂತ ಬರೆಯೋಕೆ 2013 ಆಗಬೇಕಾಯ್ತು. 1948ರಿಂದ ಲೆಕ್ಕ ಹಾಕಿ, 65 ವರ್ಷ! ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷ ಮಾಡಿತು. ಹಣ ಏರಿತು, ಗುಂಡಿ ಪಕ್ಕಕ್ಕೆ ಹಗ್ಗ ಮಾತ್ರ ಬರಲಿಲ್ಲ.

ಕೊನೆಗೊಂದು ಮಾತು, ದಯವಿಟ್ಟು ನಮ್ಮ ಕೇರಿ ಹುಡುಗರಿಗೆ ಓದಿ ಹೇಳಿ. ಮೊದಲನೇದಾಗಿ, ಇಳಿ ಅಂದ್ರೆ ಇಳೀಬೇಡಿ. ಗುಂಡಿಯ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂತಿರ್ತದೆ. ಜಾಸ್ತಿ ಇದ್ರೆ ಮೂಗನ್ನೇ ಮಂಕು ಮಾಡ್ತದೆ, ವಾಸನೆ ಹೋಯ್ತು ಅಂದ್ರೆ ಅಪಾಯ ಹೋಯ್ತು ಅಂತಲ್ಲ. ಒಬ್ಬ ಬಿದ್ದ ಅಂತ ಅಣ್ಣನೋ ತಮ್ಮನೋ ಹಾಗೇ ಇಳಿದ್ರೆ ಎರಡು ಹೆಣ. ಕೂಡಲೇ 112ಕ್ಕೆ, 108ಕ್ಕೆ ಫೋನ್ ಮಾಡಿ. ಹಗ್ಗ ಕಟ್ಟಿದ್ರೆ ಮೇಲಿಂದಲೇ ಎಳೀರಿ. ಹೊರಗೆ ಬಂದೋನಿಗೆ ಉಸಿರಿಲ್ಲದಿದ್ರೆ ಎದೆ ಮಧ್ಯ ಎರಡೂ ಕೈ ಇಟ್ಟು, ಐದಾರು ಸೆಂಟಿಮೀಟರ್ ಆಳ ಹೋಗೋ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬೇಡಿ.

ಪರಿಹಾರದ ಚೆಕ್ಕು ಪ್ರಥಮ ಚಿಕಿತ್ಸೆ ಅಲ್ಲ. ನಮಗೆ ಬೇಕಿರೋದು ಯಂತ್ರ, ಮತ್ತೆ ಇಳಿಸಿದವರ ಮೇಲೆ ಕೇಸು.

ಜೈ ಭೀಮ್.