ನಿಂತೇ ಇರುವ ಬೈಕ್‌ನ ಇಂಜಿನ್ ಆಯಿಲ್ ಕೆಡುತ್ತದೆಯೇ? ಗುರುತಿಸುವುದು ಹೇಗೆ?

"ಗಾಡಿ ಓಡಿಯೇ ಇಲ್ಲ, ಆಯಿಲ್ ಯಾಕೆ ಬದಲಾಯಿಸಬೇಕು?" ಮಂಡ್ಯ ತಾಲ್ಲೂಕಿನ ಕೊತ್ತತ್ತಿಯಂಥ ಊರುಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಮಕ್ಕಳು ಕೆಲಸಕ್ಕೆಂದು ಬೆಂಗಳೂರು, ಮೈಸೂರು ಸೇರಿರುತ್ತಾರೆ. ಬೈಕ್ ಹಟ್ಟಿಯ ಮೂಲೆಯಲ್ಲೋ ಜಗಲಿಯ ಪಕ್ಕದಲ್ಲೋ ನಿಂತಿರುತ್ತದೆ. ಗದ್ದೆಗೆ ನೀರು ಕಟ್ಟಲು, ಡೇರಿಗೆ ಹಾಲು ಹಾಕಲು ಅರ್ಧ, ಒಂದು ಕಿಲೋಮೀಟರ್ ಓಡಿದರೆ ಅದೇ ಹೆಚ್ಚು. ಹಬ್ಬಕ್ಕೆ ಬಂದವರು ಆಯಿಲ್ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಕಾಣುತ್ತದೆ.

ಪ್ರಶ್ನೆಗೆ ಚಿಕ್ಕ ಉತ್ತರ: ಹೌದು, ಓಡದಿದ್ದರೂ ಆಯಿಲ್ ಕೆಡುತ್ತದೆ. ಸ್ವಲ್ಪ ಸ್ವಲ್ಪವೇ ಓಡಿದರೆ ಇನ್ನೂ ಬೇಗ ಕೆಡುತ್ತದೆ. ಅದಕ್ಕೇ ಬೈಕ್ ಕಂಪನಿಗಳು ಆಯಿಲ್ ಬದಲಾವಣೆಗೆ ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವನ್ನೂ ಕೊಟ್ಟು, ಯಾವುದು ಮೊದಲು ಬರುತ್ತದೋ ಅದನ್ನು ಪಾಲಿಸಿ ಎನ್ನುತ್ತವೆ.

ಇಂಜಿನ್ ಒಳಗೆ ನೀರು ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಎಂದರೆ ಇಂಗಾಲ ಮತ್ತು ಜಲಜನಕ. ಉರಿದಾಗ ಅದರ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. 1 ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ 1 ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವ ನೀರು ಇದೇ. ಆದರೆ ಸ್ವಲ್ಪ ಆವಿ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿಳಿದು, ಆಯಿಲ್ ಇರುವ ಕ್ರ್ಯಾಂಕ್‌ಕೇಸ್ ಸೇರುತ್ತದೆ.

ಇಂಜಿನ್ ಚೆನ್ನಾಗಿ ಕಾದರೆ ಈ ನೀರು ಮತ್ತೆ ಆವಿಯಾಗಿ ಬ್ರೀದರ್ ಪೈಪ್ ಮೂಲಕ ಹೊರಹೋಗುತ್ತದೆ. ಕಾಯದಿದ್ದರೆ ಆಯಿಲ್‌ನಲ್ಲೇ ಉಳಿಯುತ್ತದೆ. ಆಲೆಮನೆಯ ಲೆಕ್ಕವೂ ಇದೇ ಅಲ್ಲವೇ? ಕೊಪ್ಪರಿಗೆ ಚೆನ್ನಾಗಿ ಕುದಿಯದಿದ್ದರೆ ಕಬ್ಬಿನ ಹಾಲಿನ ನೀರು ಇಂಗುವುದಿಲ್ಲ. ಗದ್ದೆಯವರೆಗೆ ಹೋಗಿ ನಿಲ್ಲಿಸಿದ ಇಂಜಿನ್, ಒಲೆಗೆ ಎರಡೇ ಸೌದೆ ಹಾಕಿ ಆರಿಸಿದ ಕೊಪ್ಪರಿಗೆಯಂತೆ. ನಿಂತ ಬೈಕ್ ರಾತ್ರಿಯ ತಂಪಿನಲ್ಲಿ ಹೊರಗಿನ ತೇವವನ್ನೂ ಒಳಗೆಳೆದುಕೊಳ್ಳುತ್ತದೆ, ಆದರೆ ಅದರ ಪಾಲು ಚಿಕ್ಕದು.

ನೀರಿನ ಜೊತೆ ಉರಿಯದ ಪೆಟ್ರೋಲ್ ಮತ್ತು ಉರಿದ ಅನಿಲಗಳೂ ಸೇರುತ್ತವೆ. ಇವುಗಳಿಂದ ಆಮ್ಲ ಹುಟ್ಟುತ್ತದೆ. ಆಮ್ಲವನ್ನು ತಟಸ್ಥಗೊಳಿಸುವ ರಾಸಾಯನಿಕಗಳು ಹೊಸ ಆಯಿಲ್‌ನಲ್ಲಿ ಇರುತ್ತವೆ. ಅವು ಖರ್ಚಾದ ಮೇಲೆ ಬೇರಿಂಗ್‌ಗಳ ಸವೆತ, ಒಳಗಿನ ತುಕ್ಕು ಶುರುವಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಪೆಟ್ರೋಲ್‌ನಲ್ಲಿ ಗಂಧಕ ಬಹಳ ಕಡಿಮೆ. ಹಾಗಾಗಿ ಗಂಧಕದ ಆಮ್ಲ ಕಡಿಮೆಯಾಗಿದೆ, ಉಳಿದವು ಹಾಗೇ ಇವೆ.

ಎಥೆನಾಲ್‌ನ ಪಾತ್ರವೇನು?

ಕಬ್ಬಿನ ಹಾಲು, ಕಾಕಂಬಿ ಮತ್ತು ಧಾನ್ಯಗಳಿಂದ ತಯಾರಾಗುವ ಎಥೆನಾಲ್ ಈಗ ಪೆಟ್ರೋಲ್‌ನಲ್ಲಿ ಬೆರೆತೇ ಬರುತ್ತದೆ. 20 ಶೇಕಡ ಎಥೆನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಎಥೆನಾಲ್ ನೀರಿನ ಜೊತೆ ಸುಲಭವಾಗಿ ಬೆರೆಯುತ್ತದೆ, ಆವಿಯಾಗಲು ಪೆಟ್ರೋಲ್‌ಗಿಂತ ಹೆಚ್ಚು ಶಾಖ ಬೇಡುತ್ತದೆ. ತಣ್ಣಗಿನ ಇಂಜಿನ್‌ನಲ್ಲಿ ಅದು ಪೂರ್ತಿ ಉರಿಯದೆ ಆಯಿಲ್ ಸೇರುವ ಸಾಧ್ಯತೆ ಹೆಚ್ಚು. ಇದು ಎಥೆನಾಲ್‌ಗೆ ಹೆದರಬೇಕಾದ ಕಾರಣವಲ್ಲ, ಬೈಕನ್ನು ಕಾಯುವಷ್ಟು ಓಡಿಸಬೇಕಾದ ಕಾರಣ.

ಮೊದಲು ಸರಿಯಾಗಿ ಅಳೆಯಿರಿ

ಆಯಿಲ್ ಬಗ್ಗೆ ಬರುವ ಅನುಮಾನಗಳಲ್ಲಿ ಹಲವು ತಪ್ಪು ಅಳತೆಯಿಂದಲೇ ಹುಟ್ಟುತ್ತವೆ.

1. ತಿಂಗಳುಗಟ್ಟಲೆ ನಿಂತ ಬೈಕನ್ನು ಸ್ಟಾರ್ಟ್ ಮಾಡುವ ಮೊದಲೇ ಒಮ್ಮೆ ಮುಚ್ಚಳ ತೆಗೆದು ನೋಡಿ. ಹಾಲಿನ ಬಣ್ಣವೋ ಪೆಟ್ರೋಲ್ ವಾಸನೆಯೋ ಇದ್ದರೆ ಸ್ಟಾರ್ಟ್ ಮಾಡಬೇಡಿ.
2. ಎರಡೂ ಇಲ್ಲದಿದ್ದರೆ ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡ್‌ನಲ್ಲಿ ಅಳತೆ ತಪ್ಪುತ್ತದೆ.
3. ಎರಡು ಮೂರು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ. ಆಯಿಲ್ ಕೆಳಗಿಳಿಯಲು ಇನ್ನೆರಡು ಮೂರು ನಿಮಿಷ ಬಿಡಿ.
4. ಡಿಪ್‌ಸ್ಟಿಕ್ ಒರೆಸಿ ಮತ್ತೆ ಇಳಿಸಿ ನೋಡಿ. ಸ್ಪ್ಲೆಂಡರ್‌ನಂಥ ಬೈಕ್‌ಗಳಲ್ಲಿ ಅದನ್ನು ತಿರುಗಿಸಿ ಬಿಗಿಯಬಾರದು, ಸುಮ್ಮನೆ ಕೂರಿಸಬೇಕು. ಕೆಲವು ಬೈಕ್‌ಗಳಲ್ಲಿ ಬಿಗಿಯಬೇಕು. ನಿಮ್ಮ ಬೈಕ್‌ನ ಕ್ರಮ ಅದರ ಪುಸ್ತಕದಲ್ಲಿರುತ್ತದೆ.
5. ಗಾಜಿನ ಕಿಂಡಿ ಇರುವ ಬೈಕನ್ನು ನೆಟ್ಟಗೆ ನಿಲ್ಲಿಸಿ, ಎರಡು ಗೆರೆಗಳ ನಡುವೆ ಆಯಿಲ್ ಇದೆಯೇ ನೋಡಿ.

ಹಾಲು ಬೆರೆತ ಕಾಫಿಯಂತೆ ಕಂಡರೆ

ಇದು ನೀರು ಸೇರಿದ ಲಕ್ಷಣ. ಆದರೆ ಎಲ್ಲಿ ಕಾಣುತ್ತಿದೆ ಎಂಬುದು ಮುಖ್ಯ. ಮುಚ್ಚಳದ ಒಳಬದಿಯಲ್ಲಿ ಮಾತ್ರ ಬಿಳಿ ಕೆನೆ ಇದ್ದು, ಡಿಪ್‌ಸ್ಟಿಕ್‌ಗೆ ಅಂಟಿದ ಆಯಿಲ್ ತಿಳಿಯಾಗಿದ್ದರೆ ಅದು ಕಾಯದ ಇಂಜಿನ್‌ನ ತೇವ. ಮುಚ್ಚಳ ಒರೆಸಿ, ಅರ್ಧ ಗಂಟೆ ಒಂದೇ ಸಮನೆ ಓಡಿಸಿ ಮತ್ತೆ ನೋಡಿ. ಕೆನೆ ಮರಳಿ ಬರದಿದ್ದರೆ ದೊಡ್ಡ ತೊಂದರೆಯಿಲ್ಲ.

ಆಯಿಲ್ ಪೂರ್ತಿ ಕಾಫಿ ಬಣ್ಣಕ್ಕೆ ತಿರುಗಿದ್ದರೆ ವಿಷಯ ಬೇರೆ. ಗಾಳಿಯಿಂದಲೇ ತಣಿಯುವ 100 ಸಿಸಿ ಬೈಕ್‌ಗಳಲ್ಲಿ ಕೂಲೆಂಟ್ ಇರುವುದಿಲ್ಲ. ಅಲ್ಲಿ ನೀರು ಹೊರಗಿನಿಂದಲೇ ಬಂದಿರಬೇಕು: ಸಡಿಲವಾದ ಮುಚ್ಚಳ, ಹಳಸಿದ ರಬ್ಬರ್ ರಿಂಗ್, ಬ್ರೀದರ್ ಕಡೆಗೆ ನೇರವಾಗಿ ಹೊಡೆದ ವಾಟರ್ ಸರ್ವಿಸ್ ನೀರು, ನಾಲೆಯೊಳಗೆ ಇಳಿಸಿ ತೊಳೆದದ್ದು, ಮಳೆಗೆ ಮುಳುಗಿದ್ದು. ಕೂಲೆಂಟ್ ಇರುವ ಬೈಕ್ ಆದರೆ ಹೆಡ್ ಗ್ಯಾಸ್ಕೆಟ್ ಅಥವಾ ವಾಟರ್ ಪಂಪ್ ಸೀಲ್ ಹೋಗಿರಬಹುದು. ಕೂಲೆಂಟ್ ಮಟ್ಟ ಇಳಿದಿದೆಯೇ ನೋಡಿದರೆ ಸುಳಿವು ಸಿಗುತ್ತದೆ.

ನೀರು ಆಯಿಲ್‌ಗಿಂತ ಭಾರ, ಆದ್ದರಿಂದ ತಳದಲ್ಲಿ ಕೂರುತ್ತದೆ. ಬಹಳ ದಿನ ನಿಂತ ಬೈಕ್‌ನ ಡ್ರೈನ್ ಬೋಲ್ಟನ್ನು ತಣ್ಣಗಿರುವಾಗಲೇ ಬಿಚ್ಚಿದರೆ, ಬೇರೆಯಾಗಿ ನಿಂತ ನೀರು ಮೊದಲು ಬರುತ್ತದೆ. ಸ್ವಲ್ಪ ಆಯಿಲ್ ಅನ್ನು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟರೂ ತಳದ ಪದರ ಕಾಣಬಹುದು. ಬಿಸಿ ತವದ ಮೇಲೆ ಹನಿ ಹಾಕಿ ಚಟಪಟ ಸದ್ದು ಕೇಳುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಆ ಆಯಿಲ್‌ನಲ್ಲಿ ಪೆಟ್ರೋಲ್ ಇದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ.

ಪೆಟ್ರೋಲ್ ವಾಸನೆ ಬಂದು, ಮಟ್ಟ ಏರಿದ್ದರೆ

"ನಾನು ಹಾಕಿಯೇ ಇಲ್ಲ, ಆಯಿಲ್ ಜಾಸ್ತಿಯಾಗಿದೆ" ಎಂದರೆ ಅದು ಖುಷಿಯ ಸುದ್ದಿಯಲ್ಲ. ಎಲ್ಲಕ್ಕಿಂತ ಅಪಾಯದ ಲಕ್ಷಣ ಇದೇ. ಕಾರ್ಬ್ಯುರೇಟರ್ ಇರುವ ಹಳೆಯ ಬೈಕ್‌ಗಳಲ್ಲಿ ಪೆಟ್ರೋಲ್ ಕಾಕ್ ತೆರೆದೇ ಇದ್ದು, ಫ್ಲೋಟ್ ಸೂಜಿ ಸವೆದೋ ಕಸ ಸಿಕ್ಕಿಯೋ ಸರಿಯಾಗಿ ಮುಚ್ಚದಿದ್ದರೆ ಟ್ಯಾಂಕ್‌ನ ಪೆಟ್ರೋಲ್ ಹನಿ ಹನಿಯಾಗಿ ಇಳಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದು ಓವರ್‌ಫ್ಲೋ ಪೈಪ್‌ನಿಂದ ನೆಲಕ್ಕೆ ಬೀಳುತ್ತದೆ. ಆ ಪೈಪ್ ಮಣ್ಣು ಕಟ್ಟಿಕೊಂಡಿದ್ದರೆ ಸಿಲಿಂಡರ್ ಸೇರಿ, ರಿಂಗ್‌ಗಳ ಸಂದಿಯಿಂದ ಆಯಿಲ್‌ಗೆ ಇಳಿಯುತ್ತದೆ. ಚೋಕ್ ಎಳೆದು ಪದೇ ಪದೇ ಸ್ಟಾರ್ಟ್ ಮಾಡುವುದರಿಂದಲೂ ಸ್ವಲ್ಪ ಪೆಟ್ರೋಲ್ ಸೇರುತ್ತದೆ. ಫ್ಯುಯೆಲ್ ಇಂಜೆಕ್ಷನ್ ಬೈಕ್‌ಗಳಲ್ಲಿ ಇದು ಅಪರೂಪ.

ಪೆಟ್ರೋಲ್ ಬೆರೆತ ಆಯಿಲ್ ತೆಳುವಾಗಿ ಬೇರಿಂಗ್, ಪಿಸ್ಟನ್‌ಗಳನ್ನು ಕಾಯುವ ಶಕ್ತಿ ಕಳೆದುಕೊಳ್ಳುತ್ತದೆ. ಇಂಜಿನ್ ಸೀಜ್ ಆಗಿ ಓಡುವಾಗಲೇ ಚಕ್ರ ಹಿಡಿದುಕೊಳ್ಳಬಹುದು. ಕಿಕ್ ಒಂದೇ ಕಡೆ ಗಟ್ಟಿಯಾಗಿ ನಿಂತರೆ ಬಲವಂತ ಮಾಡಬೇಡಿ. ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿರಬಹುದು. ಕಾಕ್ ಮುಚ್ಚಿ, ಬೀಡಿ ಬೆಂಕಿಯಿಂದ ದೂರವಿಟ್ಟು, ಫ್ಲೋಟ್ ಸೂಜಿ ರಿಪೇರಿ ಮಾಡಿಸಿ, ಆಮೇಲೆ ಆಯಿಲ್ ಬದಲಾಯಿಸಿ. ಸೋರುವುದನ್ನು ನಿಲ್ಲಿಸದೆ ಹೊಸ ಆಯಿಲ್ ಹಾಕಿದರೆ ಅದೂ ಹಾಳಾಗುತ್ತದೆ.

ಕಪ್ಪಾಗಿದ್ದರೆ ಕೆಟ್ಟಿದೆ ಎಂದೇ?

ಅಲ್ಲ. ಮಸಿಯನ್ನು ತಳಕ್ಕೆ ಕೂರಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ. ಕಪ್ಪಾಗುವುದು ಆ ಕೆಲಸದ ಗುರುತು. ಹಾಗೆಯೇ ಜೇನಿನ ಬಣ್ಣದಲ್ಲಿದೆ ಎಂದಮಾತ್ರಕ್ಕೆ ಚೆನ್ನಾಗಿದೆ ಎಂದೂ ಅಲ್ಲ. ಆಮ್ಲ ಕಣ್ಣಿಗೆ ಕಾಣುವುದಿಲ್ಲ. ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ತಾಕಿದರೆ, ಡಾಂಬರಿನಂತೆ ಗಟ್ಟಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಬದಲಾಯಿಸಿ.

ಡ್ರೈನ್ ಮಾಡಿದಾಗ ಬೋಲ್ಟ್‌ಗೋ ಆಯಸ್ಕಾಂತಕ್ಕೋ ಅಂಟುವ ನುಣ್ಣನೆಯ ಬೂದು ಪುಡಿ ಸಹಜ ಸವೆತ. ಉಗುರಿಗೆ ಸಿಗುವಂಥ ಲೋಹದ ಚೂರುಗಳಿದ್ದರೆ ಗೇರ್ ಅಥವಾ ಬೇರಿಂಗ್ ನೋಡಿಸಬೇಕು.

ಬುಲೆಟ್, ಯೆಜ್ಡಿ ಇರುವವರು ಗಮನಿಸಿ

ಹಳೆಯ ಕಾಸ್ಟ್ ಐರನ್ ಇಂಜಿನ್‌ನ ಬುಲೆಟ್‌ನಲ್ಲಿ ಆಯಿಲ್‌ಗೆ ಪ್ರತ್ಯೇಕ ಕೋಣೆಯಿದೆ. ಬಹಳ ದಿನ ನಿಂತರೆ ಆಯಿಲ್ ಅಲ್ಲಿಂದ ಮೆಲ್ಲಗೆ ಕ್ರ್ಯಾಂಕ್‌ಕೇಸ್‌ಗೆ ಜಾರುತ್ತದೆ. ಡಿಪ್‌ಸ್ಟಿಕ್ ಕಡಿಮೆ ತೋರಿಸುತ್ತದೆ, ಮಾಲೀಕರು ಮೇಲಿಂದ ಸುರಿಯುತ್ತಾರೆ, ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಎದ್ದು ಬ್ರೀದರ್‌ನಿಂದ ಆಯಿಲ್ ಉಕ್ಕುತ್ತದೆ. ಇಂಥ ಬುಲೆಟ್‌ನಲ್ಲಿ ಇಂಜಿನ್ ಸ್ವಲ್ಪ ಓಡಿದ ಮೇಲೆ ಅಳೆದು, ಆಮೇಲೆ ಬೇಕಿದ್ದರೆ ಸೇರಿಸಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಲೆಕ್ಕವೇ ಬೇರೆ. ಅವು ಟೂ ಸ್ಟ್ರೋಕ್. ಇಂಜಿನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆತು ಹೋಗುತ್ತದೆ, ಗೇರ್ ಆಯಿಲ್ ಬೇರೆ ಇರುತ್ತದೆ. ನಿಂತ ಯೆಜ್ಡಿ ಸ್ಟಾರ್ಟ್ ಆದಾಗ ಸ್ವಲ್ಪ ಹೊತ್ತು ಹೊಗೆ ಬರುವುದು ಸಾಮಾನ್ಯ. ಹೊಗೆ ನಿಲ್ಲದೆ ಗೇರ್ ಆಯಿಲ್ ಮಟ್ಟವೂ ಇಳಿಯುತ್ತಿದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ ಎಂದು ಅನುಮಾನಿಸಿ.

ಕೆಲವು ನಂಬಿಕೆಗಳು

"ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಕು." ಇದರಿಂದ ನೀರು ಹುಟ್ಟುತ್ತದೆ, ಆರುವಷ್ಟು ಶಾಖ ಹುಟ್ಟುವುದಿಲ್ಲ. ದಿನಾ ಐದು ನಿಮಿಷಕ್ಕಿಂತ, ಹದಿನೈದು ದಿನಕ್ಕೊಮ್ಮೆ ಕೊತ್ತತ್ತಿಯಿಂದ ಮಂಡ್ಯ ಪೇಟೆಗೆ ಹೋಗಿ ಬರುವುದು ಮೇಲು.

"ಹಳೆ ಇಂಜಿನ್‌ಗೆ ಗಟ್ಟಿ ಆಯಿಲ್ ಹಾಕಬೇಕು." ಗಟ್ಟಿ ಆಯಿಲ್ ತಣ್ಣಗಿರುವಾಗ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ನಿಂತ ಬೈಕ್‌ಗೆ ಬೇಕಿರುವುದು ಬೇಗ ತಲುಪುವ ಆಯಿಲ್. ಪುಸ್ತಕದಲ್ಲಿ 10ಡಬ್ಲ್ಯು-30 ಎಂದಿದ್ದರೆ ಅದನ್ನೇ ಹಾಕಿ.

"ಕಾರಿನ ಆಯಿಲ್ ಆದರೂ ನಡೆಯುತ್ತದೆ." ನಮ್ಮ ಬಹುತೇಕ ಬೈಕ್‌ಗಳಲ್ಲಿ ಕ್ಲಚ್ ಇದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಘರ್ಷಣೆ ತಗ್ಗಿಸುವ ಕೆಲವು ಕಾರ್ ಆಯಿಲ್‌ಗಳಿಂದ ಕ್ಲಚ್ ಜಾರುತ್ತದೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಲಿ. ಎಂಬಿ ಎಂದಿರುವುದು ಗೇರಿಲ್ಲದ ಸ್ಕೂಟರ್‌ಗಳಿಗೆ.

"ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆದರೆ ಇಂಜಿನ್ ಶುದ್ಧ." ಅದು ಪೂರ್ತಿ ಹೊರಬರದೆ ಹೊಸ ಆಯಿಲ್ ಅನ್ನು ತೆಳುಮಾಡುತ್ತದೆ. ನೀರು ಸೇರಿದ ಇಂಜಿನ್ ಆದರೆ ಸರಿಯಾದ ದರ್ಜೆಯ ಕಡಿಮೆ ಬೆಲೆಯ ಆಯಿಲ್ ಹಾಕಿ, ಕೆಲವು ನಿಮಿಷ ಓಡಿಸಿ, ಇಳಿಸಿ. ಬಿಳಿ ಬಣ್ಣ ಹೋಗುವವರೆಗೆ ಹೀಗೆ ಮಾಡಿ, ಕೊನೆಗೆ ಒಳ್ಳೆಯ ಆಯಿಲ್ ಹಾಕಿ.

"ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ." ಜಾಸ್ತಿಯಾದ ಆಯಿಲ್ ಕ್ರ್ಯಾಂಕ್‌ಗೆ ಸಿಕ್ಕಿ ನೊರೆಯಾಗುತ್ತದೆ, ಏರ್ ಫಿಲ್ಟರ್‌ವರೆಗೂ ಬರುತ್ತದೆ. ಮೇಲಿನ ಗೆರೆ ದಾಟಬಾರದು.

ಹಾಗಾದರೆ ಏನು ಮಾಡಬೇಕು?

ಅಪರೂಪಕ್ಕೆ ಓಡುವ ಬೈಕ್‌ಗೆ ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಾಯಿಸಿ. ಸಣ್ಣ ಬೈಕ್‌ಗಳಿಗೆ ಬೇಕಾಗುವುದು ಸುಮಾರು 1 ಲೀಟರ್. ಇಂಜಿನ್ ಬಿಚ್ಚಿ ಕಟ್ಟಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನಿಲ್ಲಿಸುವ ಮೊದಲೇ ಬದಲಾಯಿಸುವುದು ಉತ್ತಮ, ಆಮ್ಲ ಸೇರಿದ ಹಳೆಯ ಆಯಿಲ್ ಒಳಗೆ ಕೂತಿರುವುದಿಲ್ಲ. ನಿಲ್ಲಿಸಿದಾಗಲೆಲ್ಲ ಪೆಟ್ರೋಲ್ ಕಾಕ್ ಮುಚ್ಚಿ. ಮತ್ತೆ ತೆಗೆದಾಗ ಸ್ವಿಚ್ ಆಫ್ ಇಟ್ಟೇ ಐದಾರು ಸಲ ಮೆಲ್ಲಗೆ ಕಿಕ್ ಮಾಡಿ, ಆಯಿಲ್ ಮೇಲೆ ಹತ್ತಿದ ನಂತರ ಸ್ಟಾರ್ಟ್ ಮಾಡಿ.

ಇಳಿಸಿದ ಹಳೆಯ ಆಯಿಲ್ ಅನ್ನು ನಾಲೆಗೋ ಬದುವಿಗೋ ಸುರಿಯಬೇಡಿ. ಅದರಲ್ಲಿ ಲೋಹದ ಪುಡಿ, ಮೈಗೆ ಹಾನಿ ಮಾಡುವ ರಾಸಾಯನಿಕಗಳು ಇರುತ್ತವೆ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಗೆದ್ದಲು ಹತ್ತದಿರಲೆಂದು ಮರಕ್ಕೆ, ವಾಸಿಯಾಗಲೆಂದು ದನದ ಗಾಯಕ್ಕೆ ಬಳಿಯುವ ರೂಢಿಯೂ ಬೇಡ. ಡಬ್ಬದಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ಗೆ ಕೊಡಿ. ಕೈಗೆ ತಾಗಿದ್ದನ್ನು ಸೋಪು ಹಾಕಿ ತೊಳೆಯಿರಿ.