ಸಮಾಜಶಾಸ್ತ್ರವು ಶಾಲೆಗೆ ಬಂದ ಬಗೆ

ಮನೆಯೆಂದರೇನು, ಮದುವೆಯೆಂದರೇನು, ಜಾತಿಯೆಂದರೇನು ಎಂಬುದನ್ನು ಶಾಲೆಗೆ ಹೋಗಿ ಕಲಿಯಬೇಕೆಂದು ಪೂರ್ವಿಕರು ಭಾವಿಸಿರಲಿಲ್ಲ. ಶಬ್ದಕ್ಕೆ ವ್ಯಾಕರಣವೂ, ಗ್ರಹಗತಿಗೆ ಜ್ಯೋತಿಷವೂ, ಆಚಾರಕ್ಕೆ ಧರ್ಮಶಾಸ್ತ್ರವೂ ಇದ್ದುವು. ಆದರೆ ಧರ್ಮಶಾಸ್ತ್ರವು ಜನರು ಹೇಗೆ ನಡೆಯತಕ್ಕುದೆಂಬುದನ್ನು ವಿಧಿಸುವುದೇ ಹೊರತು ಹೇಗೆ ನಡೆಯುತ್ತಿರುವರೆಂಬುದನ್ನು ಪರೀಕ್ಷಿಸುವುದಿಲ್ಲ. ಈ ಎರಡನೆಯ ಕಾರ್ಯವನ್ನು ಕೈಕೊಂಡುದೇ ಸಮಾಜಶಾಸ್ತ್ರ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸ್ ದೇಶದ ಆಗಸ್ಟ್ ಕೋಂಟನು ಅದರ ಹೆಸರನ್ನು ಪ್ರಚಾರಕ್ಕೆ ತಂದನು.

ಭರತಖಂಡದಲ್ಲಿ ಈ ಶಾಸ್ತ್ರವು ಮೊದಲು ವಿಶ್ವವಿದ್ಯಾನಿಲಯಗಳನ್ನು ಹೊಕ್ಕಿತು. 1919ರಲ್ಲಿ ಮುಂಬಯಿಯಲ್ಲಿ ಪ್ಯಾಟ್ರಿಕ್ ಗೆಡ್ಡಿಸರ ನೇತೃತ್ವದಲ್ಲಿ ಇದಕ್ಕೊಂದು ವಿಭಾಗವೇರ್ಪಟ್ಟಿತು. 1924ರಲ್ಲಿ ಆ ಸ್ಥಾನಕ್ಕೆ ಬಂದ ಜಿ. ಎಸ್. ಘುರ್ಯೆಯವರು ಮೂಲತಃ ಸಂಸ್ಕೃತ ವಿದ್ವಾಂಸರು. ಶ್ರುತಿಸ್ಮೃತಿಪುರಾಣಗಳ ಪರಿಚಯವನ್ನು ಹೊಸ ಶಾಸ್ತ್ರಕ್ಕೆ ಆಧಾರವಾಗಿ ತಂದವರು. ಮೈಸೂರು ಸೀಮೆಯೂ ಹಿಂದುಳಿಯಲಿಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರು ಸಂಸ್ಥಾನದ ಜಾತಿಕುಲಗಳ ವಿವರಗಳನ್ನು ಸಂಗ್ರಹಿಸಿದ್ದರು. ಅವರು ತೀರಿಕೊಂಡ ಬಳಿಕ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಆ ಕಾರ್ಯವನ್ನು ಪೂರೈಸಿದರು. 1928ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಎ. ಆರ್. ವಾಡಿಯಾ ಅವರ ಪ್ರಯತ್ನದಿಂದ ಅಲ್ಲಿ ಬಿ. ಎ. ತರಗತಿಗೆ ಸಮಾಜಶಾಸ್ತ್ರವು ಪಾಠವಾಯಿತು.

ಮೈಸೂರಿನಲ್ಲಿಯೇ 1916ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿದ ಎಂ. ಎನ್. ಶ್ರೀನಿವಾಸರು ಮುಂಬಯಿಗೆ ತೆರಳಿ ಘುರ್ಯೆಯವರ ಶಿಷ್ಯರಾದರು. ಆದರೆ ಗುರುಗಳ ದೃಷ್ಟಿ ಗ್ರಂಥದ ಕಡೆಗೆ ಹೆಚ್ಚಾಗಿದ್ದರೆ ಶಿಷ್ಯರ ದೃಷ್ಟಿ ಊರಿನ ಕಡೆಗೆ ಹರಿಯಿತು. 1948ರಲ್ಲಿ ಅವರು ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲಸಿ, ಒಕ್ಕಲಿಗರ ಬೇಸಾಯ, ಪಂಚಾಯಿತಿ, ಹಬ್ಬ, ಜಗಳಗಳನ್ನು ಕಣ್ಣಾರೆ ಕಂಡು ಬರೆದಿಟ್ಟುಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ನಡೆದ ಬೆಂಕಿಯ ಅನಾಹುತದಲ್ಲಿ ಆ ಟಿಪ್ಪಣಿಗಳ ಪರಿಷ್ಕೃತ ಪ್ರತಿಗಳು ಭಸ್ಮವಾದುವು. ಆದರೂ ಅವರು ಎದೆಗುಂದದೆ ಸ್ಮರಣೆಯನ್ನೇ ಆಶ್ರಯಿಸಿ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಯಿತು.

ಕಾಲೇಜಿನ ಈ ವಿದ್ಯೆ ಶಾಲೆಗಿಳಿದುದು ತಡವಾಗಿ. 1964ರಿಂದ 1966ರವರೆಗೆ ಕಾರ್ಯ ಮಾಡಿದ ಕೊಠಾರಿ ಆಯೋಗದ ಸಲಹೆಯ ಮೇರೆಗೆ ಹತ್ತು ವರ್ಷದ ಸಾಮಾನ್ಯ ಶಿಕ್ಷಣ, ಅನಂತರ ಎರಡು ವರ್ಷದ ಮಧ್ಯಮ ಘಟ್ಟ ಎಂಬ ಕ್ರಮವು ಕಾಲಾಂತರದಲ್ಲಿ ನೆಲೆಗೊಂಡಿತು. ಆ ಎರಡು ವರ್ಷಗಳಲ್ಲಿಯೇ ಸಮಾಜಶಾಸ್ತ್ರಕ್ಕೆ ಎಡೆ ದೊರೆಯಿತು. ಕರ್ನಾಟಕದ ಪದವಿಪೂರ್ವ ಕಲಾವಿಭಾಗದಲ್ಲಿ ಅದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೊತೆಗೆ ಐಚ್ಛಿಕ ವಿಷಯವಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟನ್ನನುಸರಿಸಿ ಹನ್ನೊಂದು ಹನ್ನೆರಡನೆಯ ತರಗತಿಗಳಿಗೆ ಸಿದ್ಧವಾದ ಎನ್. ಸಿ. ಇ. ಆರ್. ಟಿ. ಪುಸ್ತಕಗಳಲ್ಲಿ ಅನಂತಕೃಷ್ಣ ಅಯ್ಯರ್, ಘುರ್ಯೆ, ಶ್ರೀನಿವಾಸ ಈ ಮೂವರೂ ಪಾಠದ ವಸ್ತುವಾಗಿದ್ದಾರೆ.

ಲೋಕದಲ್ಲಿ ಇದನ್ನು ಸುಲಭವಾಗಿ ಅಂಕ ಗಳಿಸುವ ವಿಷಯವೆಂದು ಎಣಿಸುವವರುಂಟು. ಬಾಯಿಪಾಠಕ್ಕೆ ಇದು ಸುಲಭವೇ ಸರಿ, ವಿಚಾರಕ್ಕೆ ಸುಲಭವಲ್ಲ. ರಸಾಯನಶಾಸ್ತ್ರದ ವಿದ್ಯಾರ್ಥಿಯು ತನ್ನಿಂದ ಬೇರಾದ ದ್ರವ್ಯವನ್ನು ಪರೀಕ್ಷಿಸುತ್ತಾನೆ. ಸಮಾಜಶಾಸ್ತ್ರದ ವಿದ್ಯಾರ್ಥಿಗಾದರೋ ಪರೀಕ್ಷ್ಯವಸ್ತುವು ತಾನು ಹುಟ್ಟಿದ ಮನೆ. ಅಡಿಗೆಮನೆಯೊಳಕ್ಕೆ ಯಾರಿಗೆ ಪ್ರವೇಶ, ಅಕ್ಕನ ಓದು ಏಕೆ ನಿಂತಿತು, ಬಾವಿಯ ನೀರನ್ನು ಯಾರು ಸೇದಬಾರದೆಂದಿದ್ದಿತು ಎಂಬ ಪ್ರಶ್ನೆಗಳನ್ನು ಹದಿನೇಳು ವರ್ಷದ ಮಗುವು ಮನೆಯಲ್ಲಿ ಕೇಳಿದರೆ ಹಿರಿಯರು ಅದನ್ನು ಅವಿನಯವೆಂದು ಗದರಿಸುವರೇ, ಕುಳ್ಳಿರಿಸಿಕೊಂಡು ಉತ್ತರ ಕೊಡುವರೇ? ಈ ಶಾಸ್ತ್ರದ ಸಾಫಲ್ಯವು ಪುಸ್ತಕಕ್ಕಿಂತಲೂ ಹೆಚ್ಚಾಗಿ ಅದನ್ನೇ ಅವಲಂಬಿಸಿದೆ. ಧರ್ಮಶಾಸ್ತ್ರವನ್ನು ಓದಿದವನು ನಡತೆಯನ್ನು ಅರಿತನೆಂದು ಹೇಳಲಾಗದು. ಹಾಗೆಯೇ ನಡತೆಯನ್ನು ಮಾತ್ರ ಕಂಡು ಗ್ರಂಥವನ್ನು ತಿರಸ್ಕರಿಸುವುದೂ ತರವಲ್ಲ. ಘುರ್ಯೆಯವರ ಗ್ರಂಥವೂ ಶ್ರೀನಿವಾಸರ ಹಳ್ಳಿಯೂ ಕೂಡಿದಲ್ಲಿ ವಿದ್ಯೆಯು ಪೂರ್ಣವಾಗುವುದು. ಇವೆರಡೂ ಒಂದೆಡೆ ಸೇರುವ ಸ್ಥಳವು ಆ ವಿದ್ಯಾರ್ಥಿಯ ಮನೆಯ ಜಗಲಿಯೇ ಆಗಿದೆ.