ಎಂಸಿಎ-21: ಕಂಪನಿ ದಾಖಲೆಗಳಿಗೆ ವಿದ್ಯುನ್ಮಾನ ಮಾರ್ಗ

ಕಂಪನಿಗಳು ಕಾಯ್ದೆಯನ್ವಯ ಸಲ್ಲಿಸಬೇಕಾದ ದಾಖಲೆಗಳನ್ನು ಅಂತರ್ಜಾಲದ ಮೂಲಕ ಸ್ವೀಕರಿಸಲು ಕೇಂದ್ರ ಸರ್ಕಾರ ರೂಪಿಸಿದ ಯೋಜನೆಯೇ ಎಂಸಿಎ-21. 2006ರಲ್ಲಿ ಮೊದಲಿಗೆ ಕೊಯಮತ್ತೂರಿನಲ್ಲಿ ಆರಂಭವಾದ ಈ ವ್ಯವಸ್ಥೆ, ಅದೇ ವರ್ಷದ ಸೆಪ್ಟೆಂಬರ್ 16ರಿಂದ ದೇಶದಾದ್ಯಂತ ಕಡ್ಡಾಯವಾಯಿತು. ಅದುವರೆಗೆ ಕಂಪನಿ ರಿಜಿಸ್ಟ್ರಾರ್ ಕಚೇರಿಗಳಿಗೆ ಕಾಗದದ ಕಡತಗಳನ್ನೇ ಸಲ್ಲಿಸಬೇಕಿತ್ತು.

ಶಾಯಿ ಸಹಿಯ ಸ್ಥಾನದಲ್ಲಿ ಡಿಜಿಟಲ್ ಸಹಿ ಬಂದಿತು. ಇದಕ್ಕೆ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮಾನ್ಯತೆಯಿದೆ. ನಿಗದಿತ ಶುಲ್ಕ ತೆತ್ತರೆ ಹೂಡಿಕೆದಾರರು, ಸಾಲ ನೀಡುವವರು ಕಂಪನಿಯೊಂದರ ಸಾರ್ವಜನಿಕ ದಾಖಲೆಗಳನ್ನು ಕುಳಿತಲ್ಲಿಯೇ ಪರಿಶೀಲಿಸಬಹುದಾಗಿದೆ.

ಆದರೆ ವಿಳಂಬ ದುಬಾರಿ. ಲೆಕ್ಕಪತ್ರ ಹಾಗೂ ವಾರ್ಷಿಕ ರಿಟರ್ನ್ ತಡವಾದರೆ ಪ್ರತಿ ನಮೂನೆಗೆ ದಿನವೊಂದಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕವನ್ನು 2018ರ ಜುಲೈ 1ರಿಂದ ನಿಗದಿಪಡಿಸಲಾಯಿತು. ಕೋವಿಡ್ ಹಿನ್ನೆಲೆಯಲ್ಲಿ 2020ರಲ್ಲಿ ತಾತ್ಕಾಲಿಕ ವಿನಾಯಿತಿ ದೊರೆತಿತ್ತು. ಈ ದರದಂತೆ ಎರಡೂ ನಮೂನೆಗಳು ಒಂದು ವರ್ಷ ತಡವಾದರೆ, ಸಣ್ಣ ಕಂಪನಿಯಾದರೂ 73,000 ರೂಪಾಯಿ ತೆರಬೇಕಾಗುತ್ತದೆ.